ನರಾರಾದ ಹವಳದ ನೆಲದಲ್ಲಿ ಒಂದು ಮುಂಜಾನೆ

ಸೌರಾಷ್ಟ್ರದ ಸೋಮನಾಥನ ದರ್ಶನಕ್ಕೆ ಹೊರಡುವ ನಮ್ಮ ನಾಡಿನ ಯಾತ್ರಿಕರು ದ್ವಾರಕೆಯನ್ನೂ ಕಂಡು ಜಾಮನಗರದ ಮಾರ್ಗವಾಗಿ ಹಿಂದಿರುಗುವುದುಂಟು. ಸೌರಾಷ್ಟ್ರವೆಂದೊಡನೆ ಪುಲಿಗೆರೆಯ ಆದಯ್ಯನವರ ನೆನಪಾಗುವುದು ಸಹಜ. ಆ ನೆನಪನ್ನು ಹೊತ್ತೇ ನಾವೂ ನಾಲ್ಕಾರು ಕುಟುಂಬಗಳೊಡನೆ ಆ ಯಾತ್ರೆಯನ್ನು ಕೈಕೊಂಡಿದ್ದೆವು. ಆದರೆ ಇಲ್ಲಿ ನಾವು ಬರೆಯಹೊರಟಿರುವುದು ದೇವಾಲಯಗಳ ವಿಷಯವನ್ನಲ್ಲ. ಹಿಂದಿರುಗುವಾಗ, ಜಾಮನಗರ ಇನ್ನೂ ಸುಮಾರು 60 ಕಿಲೋಮೀಟರ್ ಇರುವಂತೆ, ನರಾರಾ ಎಂಬ ಕಡಲ ತೀರದಲ್ಲಿ ಕಳೆದ ಒಂದು ಮುಂಜಾನೆಯ ವಿಷಯವನ್ನು.

ಕಛ್ ಕೊಲ್ಲಿಯ ದಕ್ಷಿಣ ದಡವನ್ನೂ ಅಲ್ಲಿನ ನಡುಗಡ್ಡೆಗಳನ್ನೂ ಒಳಗೊಂಡ ಈ ಪ್ರದೇಶವು 1980ರಲ್ಲಿ ಅಭಯಾರಣ್ಯವೆನಿಸಿ, 1982ರಲ್ಲಿ ಅದರ ಒಂದು ಭಾಗವು ಕಡಲ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ದೇಶದಲ್ಲಿ ಇಂಥ ಉದ್ಯಾನಗಳ ಪೈಕಿ ಇದೇ ಮೊದಲನೆಯದು. ಹವಳದ ದಿಬ್ಬಗಳನ್ನು ಕಾಣಬೇಕಾದರೆ ಅಂಡಮಾನಿನಲ್ಲಾಗಲಿ, ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಾಗಲಿ ದೋಣಿಯೇರಬೇಕು, ನೀರಿಗಿಳಿಯಬೇಕು. ನರಾರಾದಲ್ಲಿ ಹಾಗಲ್ಲ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಕಡಲಿನ ಮಟ್ಟವು ಹಲವು ಮೀಟರುಗಳಷ್ಟು ವ್ಯತ್ಯಾಸವಾಗುವುದರಿಂದ, ಇಳಿತದ ವೇಳೆ ಸಮುದ್ರವೇ ದೂರ ಸರಿದು ತನ್ನ ತಳವನ್ನು ತೆರೆದಿಡುತ್ತದೆ. ಅರುವತ್ತು ದಾಟಿದ ನಮ್ಮಂಥವರೂ ಕೋಲೂರಿಕೊಂಡು ನಡೆಯಬಹುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಅಧಿಕ. ನಮ್ಮ ಚೀಲದಲ್ಲಿದ್ದ ಪಂಚಾಂಗವು ಈ ಕಾರ್ಯಕ್ಕೂ ಒದಗೀತೆಂದು ನಾವು ಎಣಿಸಿರಲಿಲ್ಲ! ಅರಣ್ಯ ಇಲಾಖೆಯ ಅನುಮತಿ ಪಡೆದು, ನೆನೆದರೂ ಚಿಂತೆಯಿಲ್ಲದ ಪಾದರಕ್ಷೆಗಳನ್ನು ತೊಟ್ಟು, ಮಾರ್ಗದರ್ಶಿಯ ಹಿಂದೆ ಹೊರಟೆವು.

ಮೊದಲು ಕಾಂಡ್ಲಾ ಗಿಡಗಳ ಸಾಲು, ಬಳಿಕ ಕೆಸರು, ಅನಂತರ ಸಣ್ಣ ಸಣ್ಣ ನೀರಿನ ಮಡುಗಳು. ಹವಳವೆಂದರೆ ನಮ್ಮ ಮನೆಗಳಲ್ಲಿ ನವರತ್ನಗಳಲ್ಲೊಂದಾದ ಕೆಂಪು ಮಣಿಯಷ್ಟೆ. ಆ ಮಣಿಯ ಹವಳ ಬೇರೆ ಜಾತಿಯದು. ಅದರಲ್ಲಿ ಹೆಸರಾದುದು ಮೆಡಿಟರೇನಿಯನ್ ಸಮುದ್ರದಿಂದ ಬರುವುದು. ಇಲ್ಲಿರುವುದು ಗಡ್ಡೆಗಡ್ಡೆಯಾಗಿ, ಕೆಲವೆಡೆ ಮಿದುಳಿನ ಮಡಿಕೆಗಳಂತೆ, ಹಸಿರು, ಕಂದು, ನಸುನೇರಳೆ ಬಣ್ಣಗಳಲ್ಲಿ ಬೆಳೆದಿರುವ ಹವಳ. ನೋಡಿದರೆ ಕಲ್ಲು, ಗಿಡವೆಂದರೂ ನಂಬಬಹುದು. ವಾಸ್ತವದಲ್ಲಿ ಅದು ಅಸಂಖ್ಯ ಪುಟ್ಟ ಪ್ರಾಣಿಗಳ ವಸತಿ. ಒಂದೊಂದು ಪ್ರಾಣಿಯೂ ತನ್ನ ಸುತ್ತ ಸುಣ್ಣದ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿ ನೆಲೆಸಿ, ಬಿಸಿಲಿನಿಂದ ಆಹಾರ ಸಿದ್ಧಪಡಿಸಿ ಮನೆಯೊಡೆಯನಿಗೂ ಉಣಿಸುತ್ತದೆ. ಬಣ್ಣವೂ ಬಹುಮಟ್ಟಿಗೆ ಆ ಪಾಚಿಯದೇ. ಗಡ್ಡೆಯಾಗಿ ಬೆಳೆಯುವ ಹವಳವು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರಿನಷ್ಟು ಬೆಳೆದೀತು. ತೆಂಗಿನಕಾಯಿಯ ಗಾತ್ರದ ಒಂದು ಗಡ್ಡೆಯನ್ನು ಕಂಡರೆ, ನಮ್ಮೊಡನೆ ಬಂದಿದ್ದ ಹನ್ನೊಂದು ವರ್ಷದ ಬಾಲಕನ ವಯಸ್ಸು ಅದಕ್ಕಿದ್ದೀತೆಂದು ತಿಳಿಯಬೇಕು.

ಏಡಿ, ನಕ್ಷತ್ರಮೀನು, ಸಮುದ್ರ ಸೌತೆ, ಕಲ್ಲಿನ ಬಣ್ಣಕ್ಕೆ ತನ್ನ ಬಣ್ಣವನ್ನು ಕೂಡಿಸಿಕೊಂಡು ಅವಿತ ಆಕ್ಟೋಪಸ್ — ಎಲ್ಲವನ್ನೂ ಕಂಡೆವು. ಒಂದು ಮಡುವಿನಲ್ಲಿ ಅಂಗೈಯಷ್ಟಿನ ಉಬ್ಬುಮೀನೊಂದಿತ್ತು. ಮುಟ್ಟಿದರೆ ಚೆಂಡಿನಂತೆ ಉಬ್ಬುವುದೆಂದು ಎಲ್ಲಿಯೋ ಓದಿದ್ದೆವು. ಮಕ್ಕಳಿಗೆ ತೋರಿಸೆಂದು ಮಾರ್ಗದರ್ಶಿಯನ್ನು ಕೇಳಿದವರು ಬೇರೆ ಯಾರೂ ಅಲ್ಲ, ನಾವೇ. ಆತ ಹಿಂಜರಿದ, ನಾವು ಮತ್ತೆ ಹೇಳಿದೆವು. ಆತ ಎತ್ತಿದ, ಮೀನು ಉಬ್ಬಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಭಾವಚಿತ್ರಗಳೂ ಆದವು. ನೀರಿಗೆ ಬಿಟ್ಟ ಮೇಲೆ ಅದು ಬಹಳ ಹೊತ್ತು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಉಬ್ಬುವುದು ಆಟವಲ್ಲ, ಪ್ರಾಣಭಯ. ನೀರಿನಿಂದ ಹೊರಗೆತ್ತಿದಾಗ ನೀರಿನ ಬದಲು ಗಾಳಿಯನ್ನು ನುಂಗುವ ಮೀನಿಗೆ ಅದನ್ನು ಹೊರಹಾಕುವುದು ಕಷ್ಟ, ಕೆಲವೊಮ್ಮೆ ಸಾವೂ ಉಂಟು ಎಂದು ಆತ ಆಗ ಮೆಲ್ಲನೆ ಹೇಳಿದ. ದಯೆಯ ಕುರಿತು ನಲವತ್ತು ವರ್ಷ ಪ್ರವಚನ ಮಾಡಿದ ಬಾಯಿ ನಮ್ಮದು. ಅಲ್ಲಿಂದ ಮುಂದೆ ನಾವು ಏನನ್ನೂ ಕೇಳಲಿಲ್ಲ.

ಆ ಬಳಿಕ ನಮ್ಮ ದೃಷ್ಟಿಯೆಲ್ಲ ಪಾದಗಳ ಮೇಲೆಯೇ. ಕಾಲಿಟ್ಟ ಕಡೆ ಜೀವವಿದೆಯೋ ಬರಿಯ ಕಲ್ಲಿದೆಯೋ ಎಂದು ನೋಡಿ ನಡೆಯಬೇಕು. ಒಂದು ಹೆಜ್ಜೆ ತಪ್ಪಿದರೆ ಹತ್ತು ವರ್ಷದ ಕಟ್ಟಡ ಮುರಿಯುತ್ತದೆ. ಹಿಂದೆ ಈ ಕೊಲ್ಲಿಯ ಹವಳದ ಮರಳನ್ನು ಸಿಮೆಂಟು ತಯಾರಿಕೆಗೆಂದು ಬಾಚಿ ಒಯ್ದದ್ದುಂಟು. ಇಂದು ಹತ್ತಿರದಲ್ಲಿಯೇ ತೈಲಶುದ್ಧೀಕರಣ ಕೇಂದ್ರಗಳು, ತೈಲದ ಹಡಗುಗಳು. ಇವೆಲ್ಲಕ್ಕೂ ಮೀರಿದ್ದು ಕಡಲಿನ ಕಾವು. ನೀರು ಬಹುದಿನ ಮಿತಿಮೀರಿ ಬಿಸಿಯಾದರೆ ಹವಳವು ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ನಮ್ಮ ಪಾದರಕ್ಷೆಗೆ ಅಂಜುವ ನಾವು ಅದಕ್ಕೇನು ಮಾಡಬಲ್ಲೆವು? ಯಾತ್ರೆಗೆ ಮೂರು ವಾಹನಗಳಲ್ಲಿ ಬಂದಿದ್ದೆವೆಂಬುದೂ ಅಲ್ಲಿಯೇ ನೆನಪಾಯಿತು.

ಹೋಗುವ ಬಂಧುಗಳಿಗೆ ಒಂದು ಮಾತು. ದಡದಲ್ಲಿ ಸತ್ತು ಬಿದ್ದ ಹವಳದ ತುಂಡನ್ನೂ ಪೂಜೆಯ ಮನೆಗೆಂದು ತರಬೇಡಿರಿ. 2001ರಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ನಮ್ಮ ಗುಂಪಿನ ತಾಯಿಯೊಬ್ಬರ ಸೆರಗಿನ ಗಂಟಿನಲ್ಲಿದ್ದ ಎರಡು ತುಂಡುಗಳು ಕಾವಲುಗಾರನ ಮುಂದೆ ಹೊರಬಂದವು. ಆತ ನಗುತ್ತಲೇ ಮರಳಿ ನೀರಿಗೆ ಹಾಕಿಸಿದ.

ನೀರು ತಿರುಗಿತೆಂದು ಮಾರ್ಗದರ್ಶಿ ಅವಸರಪಡಿಸಿದ. ಅದು ಎದುರಿನಿಂದ ಅಲೆಯಾಗಿ ಬರುವುದಿಲ್ಲ. ಸದ್ದಿಲ್ಲದೆ ಕಾಲುವೆಗಳಲ್ಲಿ ತುಂಬಿ ಬೆನ್ನ ಹಿಂದಿನಿಂದ ಬರುತ್ತದೆ. ಮರಳುವಾಗ ಬಾಲಕನು ನಮ್ಮ ಕೈ ಹಿಡಿದು, “ಅಜ್ಜಾರೇ, ಆ ಮೀನು ಬದುಕಿತೇ?” ಎಂದು ಕೇಳಿದ. ತಿರುಗಿ ನೋಡಿದೆವು. ಆ ಮಡು ಎಲ್ಲಿತ್ತೆಂದು ಗುರುತಿಸುವಂತಿರಲಿಲ್ಲ. ಅಲ್ಲಿ ಆಗಲೇ ಮೊಣಕಾಲುದ್ದದ ನೀರಿತ್ತು.