ಹುಟ್ಟಿದ ಮಗು ಯಾವ ದೇಶದ ಪ್ರಜೆ?

ಆಗ ತಾನೇ ಹುಟ್ಟಿದ ಮಗುವಿನ ತೂಕ, ಉದ್ದ, ರಕ್ತದ ಗುಂಪು ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಆದರೆ ಆ ಮಗು ಯಾವ ದೇಶದ ಪ್ರಜೆ ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು. ತಂದೆ ತಾಯಿ ಒಂದು ದೇಶದವರಾಗಿದ್ದು ಮಗು ಮತ್ತೊಂದು ದೇಶದಲ್ಲಿ ಹುಟ್ಟಿದರೆ, ಉತ್ತರ ಇರುವುದು ಆ ಎರಡು ದೇಶಗಳ ಕಾನೂನಿನಲ್ಲಿ. ಕೆಲವೊಮ್ಮೆ ಎರಡೂ ದೇಶಗಳು ‘ಈ ಮಗು ನಮ್ಮದು’ ಎನ್ನುತ್ತವೆ. ಕೆಲವೊಮ್ಮೆ ಎರಡೂ ‘ನಮ್ಮದಲ್ಲ’ ಎನ್ನುತ್ತವೆ.

ನೆಲವೋ, ರಕ್ತವೋ?

ಹುಟ್ಟಿನಿಂದ ಪೌರತ್ವ ದೊರೆಯುವ ಕ್ರಮಗಳು ಮುಖ್ಯವಾಗಿ ಎರಡು. ಹುಟ್ಟಿದ ನೆಲವನ್ನು ನೋಡಿ ಕೊಡುವುದು ಒಂದು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ‘ಜುಸ್ ಸೋಲಿ’ ಎಂದು ಹೆಸರು. ತಂದೆ ತಾಯಿಯ ಪೌರತ್ವವನ್ನು ನೋಡಿ ಕೊಡುವುದು ಇನ್ನೊಂದು. ಅದು ‘ಜುಸ್ ಸಾಂಗ್ವಿನಿಸ್’, ಅಂದರೆ ರಕ್ತದ ಹಕ್ಕು.

ನೆಲದ ಹಕ್ಕಿಗೆ ಹೆಸರಾದ ದೇಶ ಅಮೆರಿಕ. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೇ ತಿದ್ದುಪಡಿ ಈ ಹಕ್ಕನ್ನು ಕೊಟ್ಟಿತು. ಅದರ ಅರ್ಥ ಎಷ್ಟು ವಿಶಾಲ ಎಂಬುದನ್ನು ತಿಳಿಸಿಕೊಟ್ಟವನು ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ಆತ ಚೀನಾಕ್ಕೆ ಹೋಗಿ 1895ರಲ್ಲಿ ಹಿಂದಿರುಗಿದಾಗ, ‘ನೀನು ಇಲ್ಲಿಯ ಪ್ರಜೆಯಲ್ಲ’ ಎಂದು ಅಧಿಕಾರಿಗಳು ಹಡಗಿನಿಂದ ಇಳಿಯಲು ಬಿಡಲಿಲ್ಲ. ಆತ ನ್ಯಾಯಾಲಯಕ್ಕೆ ಹೋದ. 1898ರಲ್ಲಿ ಸುಪ್ರೀಂ ಕೋರ್ಟ್ ಆತನ ಪರವಾಗಿ ತೀರ್ಪಿತ್ತಿತು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರಿಗೆ ಮಾತ್ರ ಈ ಹಕ್ಕು ಇಲ್ಲ. ತಾತ್ಕಾಲಿಕ ವೀಸಾದವರ ಹಾಗೂ ಅಕ್ರಮವಾಗಿ ನೆಲೆಸಿದವರ ಮಕ್ಕಳಿಗೆ ಇದನ್ನು ನಿಲ್ಲಿಸುವ ಆದೇಶವನ್ನು ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಹೊರಡಿಸಿದಾಗ, ಕೆಳಗಿನ ನ್ಯಾಯಾಲಯಗಳು ಅದಕ್ಕೆ ತಡೆ ನೀಡಿದವು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಇತರ ಹಲವು ದೇಶಗಳು ಬರೀ ನೆಲದ ಹಕ್ಕನ್ನು ಕೈಬಿಟ್ಟಿವೆ. ಆಸ್ಟ್ರೇಲಿಯಾ 1986ರಿಂದ, ಬ್ರಿಟನ್ 1983ರಿಂದ, ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು ಅಥವಾ ಖಾಯಂ ನಿವಾಸಿಯಾಗಿರಬೇಕು ಎನ್ನುತ್ತವೆ. ಜರ್ಮನಿ ನಡೆದದ್ದು ಎದುರು ದಿಕ್ಕಿನಲ್ಲಿ. ರಕ್ತದ ಹಕ್ಕನ್ನೇ ನಂಬಿದ್ದ ಆ ದೇಶ, ಬಹುಕಾಲ ಅಲ್ಲೇ ನೆಲೆಸಿದ ವಿದೇಶಿಯರ ಮಕ್ಕಳಿಗೂ 2000ನೇ ಇಸವಿಯಿಂದ ಪೌರತ್ವ ಕೊಡತೊಡಗಿತು.

ಭಾರತದ ಎರಡು ಗೆರೆಗಳು

ನಮ್ಮ ದೇಶದ ಪೌರತ್ವ ಕಾಯಿದೆ 1955ರದು. 26 ಜನವರಿ 1950ರಿಂದ 30 ಜೂನ್ 1987ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ವಿದೇಶಿಯರಾದರೂ, ಸಾಮಾನ್ಯವಾಗಿ ಭಾರತೀಯರೇ. 1 ಜುಲೈ 1987ರಿಂದ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 3 ಡಿಸೆಂಬರ್ 2004ರಿಂದ ನಿಯಮ ಇನ್ನೂ ಬಿಗಿಯಾಯಿತು: ಒಬ್ಬರು ಭಾರತೀಯರಾಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಈ ದಿನಾಂಕಗಳು ಕಾಗದದ ಮೇಲಿನ ಗೆರೆಗಳಷ್ಟೇ ಅಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, ಉತ್ತರ ಕನ್ನಡದ ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ಟಿಬೆಟ್‌ನಿಂದ ಬಂದ ಒಂದೇ ದಂಪತಿಯ ಮಕ್ಕಳಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತದ ಪ್ರಜೆ. 1988ರಲ್ಲಿ ಹುಟ್ಟಿದ ತಮ್ಮ ಅಲ್ಲ. ಇಬ್ಬರೂ ಒಂದೇ ಶಾಲೆಗೆ ಹೋದವರು, ಒಂದೇ ಅಂಗಳದಲ್ಲಿ ಆಡಿದವರು. ಅಕ್ಕನಂಥವರ ಹಕ್ಕನ್ನು ದೆಹಲಿ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಅವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು. ತಮ್ಮನಂಥವರ ಕೈಯಲ್ಲಿರುವುದು ನಿರಾಶ್ರಿತರ ನೋಂದಣಿ ಪತ್ರ.

ವಿದೇಶದಲ್ಲಿ ಹೆರಿಗೆಯಾದರೆ?

ಕರಾವಳಿಯ ಎಷ್ಟೋ ಕುಟುಂಬಗಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿವೆ. ದುಬೈಯಲ್ಲೋ ಕುವೈತಿನಲ್ಲೋ ಹುಟ್ಟಿದ ಮಾತ್ರಕ್ಕೆ ಭಾರತೀಯ ದಂಪತಿಯ ಮಗು ಆ ದೇಶದ ಪ್ರಜೆಯಾಗದು. ಆದ್ದರಿಂದ ಅದಕ್ಕೆ ಭಾರತದ ಪೌರತ್ವವೇ ಆಧಾರ. ಆದರೆ 3 ಡಿಸೆಂಬರ್ 2004ರ ನಂತರ ಅದೂ ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆಸ್ಪತ್ರೆಯ ಜನನ ಪತ್ರವೊಂದೇ ಸಾಕೆಂದು ಸುಮ್ಮನಿದ್ದರೆ, ಮಗು ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ಬೀಳುವ ಅಪಾಯವಿದೆ.

ಅಮೆರಿಕದಲ್ಲಿ ಹುಟ್ಟಿದ ಮಗುವಿನ ಸಮಸ್ಯೆ ಬೇರೆ. ಭಾರತವು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿಯ ಪಾಸ್‌ಪೋರ್ಟ್ ಪಡೆದ ಮಗು ‘ಸಾಗರೋತ್ತರ ಭಾರತೀಯ’ ಕಾರ್ಡ್ ಪಡೆಯಬಹುದು. ಆ ಕಾರ್ಡಿನಿಂದ ಇಲ್ಲಿ ಬಂದು ಇರಬಹುದು, ಓದಬಹುದು, ಮತ ಹಾಕುವಂತಿಲ್ಲ.

ಪ್ರತಿ ಮಗುವಿಗೂ ಒಂದು ರಾಷ್ಟ್ರೀಯತೆಯನ್ನು ಪಡೆಯುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿದೆ. ಭಾರತವೂ 1992ರಲ್ಲಿ ಅದಕ್ಕೆ ಸೇರಿತು. ಆದರೂ ಆ ಹಕ್ಕು ಕೈಗೆ ಬರುವುದು ಸ್ಥಳ, ದಿನಾಂಕ, ದಾಖಲೆಗಳ ಮೂಲಕವೇ. ಎಲ್ಲಿ, ಯಾವಾಗ ಹುಟ್ಟಬೇಕೆಂಬುದನ್ನು ಯಾವ ಮಗುವೂ ಆರಿಸಿಕೊಂಡು ಬರುವುದಿಲ್ಲ. ಅದರ ಪರವಾಗಿ ಸಕಾಲದಲ್ಲಿ ಅರ್ಜಿ ಬರೆಯಬೇಕಾದವರು ಹೆತ್ತವರು.