ಎಸಿಪಿ ಹೊಡೆಸಿದರೆ ಗೋಡೆ ಸೋರದೇ?

ಸಿದ್ದಾಪುರ ಪೇಟೆಯಲ್ಲಿ ಮಳಿಗೆ ಕಟ್ಟುವವರಿಗೆ ಸಿಗುವ ಸಲಹೆ ಒಂದೇ: ‘ಪಡುವಣ ಗೋಡೆಗೆ ಎಸಿಪಿ ಹೊಡೆಸಿಬಿಡಿ, ಮಳೆಗಾಲದ ಚಿಂತೆಯಿಲ್ಲ.’

ಎಸಿಪಿ ಎಂದರೆ ಸಾಮಾನ್ಯವಾಗಿ 3-4 ಮಿ.ಮೀ. ದಪ್ಪದ ಹಾಳೆ. ಎರಡು ತೆಳು ಅಲ್ಯುಮಿನಿಯಂ ತಗಡು, ನಡುವೆ ಪ್ಲಾಸ್ಟಿಕ್. ಹಾಳೆಯ ಮೂಲಕ ನೀರು ಇಳಿಯದು, ನಿಜ. ಆದರೆ ಸಂದು ಮುಚ್ಚಿರುವುದು ಸಿಲಿಕೋನ್. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ತಗಡು ಅದನ್ನು ಎಳೆದಾಡಿ ಕೆಲವು ವರ್ಷಗಳಲ್ಲಿ ಬಿಡಿಸುತ್ತದೆ. ಆಮೇಲೆ ಗಾಳಿಯ ಜೊತೆ ಒಳಹೊಕ್ಕ ಎರಚಲಿಗೆ ಹೊರಬರುವ ದಾರಿಯಿಲ್ಲ. ಹಿಂದಿನ ಚಿರೆಕಲ್ಲು ಗೋಡೆ ನೀರು ಕುಡಿದು ಕೂರುತ್ತದೆ. ಹೊರಗೆ ಫಳಫಳ, ಒಳಗೆ ಬೂಷ್ಟು. ಅಲ್ಯುಮಿನಿಯಂಗೆ ತುಕ್ಕಿಲ್ಲ ಎನ್ನುವ ಸಮಾಧಾನವೂ ಅರ್ಧ ಸತ್ಯ. ಅದನ್ನು ಹಿಡಿದು ನಿಲ್ಲಿಸಿದ ಕಬ್ಬಿಣದ ಚೌಕಟ್ಟಿಗೆ ತುಕ್ಕು ಬಿಟ್ಟದ್ದಲ್ಲ.

ಹಳೆಯ ಮನೆಗಳಿಗೆ ಕಟ್ಟುತ್ತಿದ್ದ ಅಡಕೆ ಸೋಗೆಯ ತಟ್ಟಿ ಇದಕ್ಕಿಂತ ಜಾಣತನದ್ದು. ಮಳೆಯ ಹೊಡೆತ ತಾನು ತಿಂದು ನೀರನ್ನು ಕೆಳಗಿಳಿಸುತ್ತಿತ್ತು, ಹಿಂದೆ ಗಾಳಿಯಾಡುತ್ತಿತ್ತು. ಸರಿಯಾದ ಎಸಿಪಿ ಕೆಲಸವೂ ಹಾಗೇ. ಮೊದಲು ಗೋಡೆಯ ಬಿರುಕು ಮುಚ್ಚಿ ನೀರು ತಡೆಯುವ ಲೇಪ ಕೊಡಬೇಕು, ಆಮೇಲೆ ನಡುವೆ ಗಾಳಿಗೆ ತೆರಪು, ಬುಡದಲ್ಲಿ ನೀರಿಳಿಯಲು ಕಂಡಿ. ಈ ಕಂಡಿಯನ್ನು ‘ಚೆಂದ ಕಾಣದು’ ಎಂದು ಮುಚ್ಚಿಸುವವರೂ ಇದ್ದಾರೆ!

‘ಲೋಹ ತಾನೆ, ಬೆಂಕಿ ಹತ್ತದು’ ಎಂಬ ನಂಬಿಕೆ ಇನ್ನೂ ಅಪಾಯದ್ದು. ಅಗ್ಗದ ಹಾಳೆಯ ಒಡಲಲ್ಲಿರುವುದು ಪಾಲಿಎಥಿಲೀನ್, ಕ್ಯಾರಿಬ್ಯಾಗಿನ ಜಾತಿಯದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಒಂದು ಅಡುಗೆಮನೆಯ ಬೆಂಕಿ ಇಂಥದೇ ಹೊದಿಕೆ ಹಿಡಿದು ಮೇಲೇರಿತು. ಆ ದುರಂತ 72 ಜೀವಗಳನ್ನು ಬಲಿ ತೆಗೆದುಕೊಂಡಿತು. ನಮ್ಮ ಮಳಿಗೆ ಎರಡೇ ಮಹಡಿಯದಿರಬಹುದು, ಆದರೆ ನಾಮಫಲಕದ ದೀಪದ ತಂತಿ ಎಳೆಯುವುದು ಅದೇ ತೆರಪಿನಲ್ಲಿ. ಖನಿಜ ತುಂಬಿದ ಎಫ್‌ಆರ್ ಅಥವಾ ಎ2 ದರ್ಜೆಯನ್ನೇ ಕೇಳಿ, ಬಿಲ್ಲಿನಲ್ಲೂ ಬರೆಸಿ.

ಮಾಡಿಗೆ, ಎರಡು ತಗಡಿನ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಪಫ್ ಪ್ಯಾನಲ್ ಹಾಕಿದರೆ ಮಳೆಯ ಸದ್ದೇ ಇಲ್ಲ ಎನ್ನುತ್ತಾರೆ. ಸೆಕೆ ತಡೆಯುವುದರಲ್ಲಿ ಪಫ್ ಗಟ್ಟಿಗ. ಸದ್ದು ಬರಿಯ ತಗಡಿಗಿಂತ ಕಡಿಮೆಯಾದೀತು, ಅಷ್ಟೇ. ಸದ್ದಿಗೂ ಬೆಂಕಿಗೂ ರಾಕ್‌ವುಲ್ ತುಂಬಿದ್ದು ಮೇಲು. ಗೆದ್ದಲಿಗೆ ಪಫ್ ಆಹಾರವಲ್ಲ, ಆದರೂ ಅದನ್ನು ಕೊರೆದು ಮರದ ಬಳಿಗೆ ದಾರಿ ಮಾಡಿಕೊಳ್ಳಬಲ್ಲದು.

ಒಳಗಿನ ಅಡ್ಡಗೋಡೆಗೆ ಹಾಕುವ ಜಿಪ್ಸಮ್ ಬೋರ್ಡಿನ ಕಥೆ ತಿರುವುಮುರುವು. ಕಾಗದ ಅಂಟಿಸಿದ್ದು, ಭಗ್ಗನೆ ಉರಿದೀತು ಎಂದು ಹೆದರುತ್ತಾರೆ. ಜಿಪ್ಸಮ್ಮಿನ ತೂಕದ ಐದನೇ ಒಂದು ಭಾಗ ಅದರೊಳಗೇ ಬೆಸೆದುಕೊಂಡ ನೀರು. ಬೆಂಕಿ ತಗುಲಿದರೆ ಅದು ಆವಿಯಾಗಿ ಶಾಖವನ್ನು ಒಂದಷ್ಟು ಹೊತ್ತು ತಡೆಯುತ್ತದೆ. ಅದರ ವೈರಿ ಥಂಡಿ. ತೇವಕ್ಕೆಂದೇ ಮಾಡಿದ ಹಸಿರು ಜಿಪ್ಸಮ್ ಬೋರ್ಡು ಗಾಳಿಯ ತೇವ ತಾಳೀತು, ಸೋರಿಕೆ ತಾಳದು. ಶೌಚಾಲಯದ ಪಕ್ಕಕ್ಕೆ ಸಿಮೆಂಟ್ ಫೈಬರ್ ಬೋರ್ಡೇ ಸರಿ.