ಎಲ್ಲ ಯೂನಿಟ್ಟೂ ಎಂಜಿನಿಯರಿಂಗ್‌ಗೆ ಲೆಕ್ಕವಲ್ಲ

ಮಗ ಅಥವಾ ಮಗಳು ಹನ್ನೆರಡನೇ ತರಗತಿ ಮುಗಿಸುತ್ತಿರುವ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಏಪ್ರಿಲ್ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ: ಬರ್ಕ್ಲಿ ಸಿಗದಿದ್ದರೆ ಕಮ್ಯುನಿಟಿ ಕಾಲೇಜಿಗೆ ಸೇರಿಸೋಣ, ಎರಡು ವರ್ಷ ಬಿಟ್ಟು ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ಮಾಡಿಸಿದರಾಯಿತು. ದಾರಿ ನಿಜಕ್ಕೂ ಒಳ್ಳೆಯದು. 1960ರಲ್ಲಿ ರಾಜ್ಯ ರೂಪಿಸಿದ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್‌ನಲ್ಲೇ ಈ ದಾರಿಗೆ ಜಾಗವಿದೆ. ಇವತ್ತು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ.

ತೊಡಕು ಇರುವುದು ನಮ್ಮ ತಿಳಿವಳಿಕೆಯಲ್ಲಿ. ಕರ್ನಾಟಕದಲ್ಲಿ ಬಿಇ ಓದಿದ ಅಪ್ಪ ಅಮ್ಮಂದಿರಿಗೆ ಯಾವ ಸೆಮಿಸ್ಟರಿನಲ್ಲಿ ಏನು ಓದಬೇಕು ಎಂದು ಯೋಚಿಸುವ ಪ್ರಮೇಯವೇ ಇರಲಿಲ್ಲ. ವಿಟಿಯು ಸ್ಕೀಮ್ ಎಲ್ಲವನ್ನೂ ಮೊದಲೇ ತೀರ್ಮಾನಿಸಿಟ್ಟಿತ್ತು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ಕೂಡ ನೇರ ಮೂರನೇ ಸೆಮಿಸ್ಟರಿಗೆ ಹೋಗಿ ಕೂರುತ್ತಿದ್ದರು. ಇಲ್ಲಿ ಆ ಸ್ಕೀಮನ್ನು ಹದಿನೆಂಟರ ಮಗು ತಾನೇ ಕಟ್ಟಿಕೊಳ್ಳಬೇಕು. ತಪ್ಪು ಕಟ್ಟಿಕೊಂಡರೆ ಹೋಗುವುದು ಒಂದಿಡೀ ವರ್ಷ.

ತಪ್ಪು ಕಲ್ಪನೆ: "ಯುಸಿಗೆ ಟ್ರಾನ್ಸ್‌ಫರ್ ಆಗುವ ಕೋರ್ಸಾದರೆ ಸಾಕು"

ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ಕುಪರ್ಟಿನೊದ ಡಿ ಆನ್ಜಾ ಕಾಲೇಜನ್ನೇ ನೋಡಿ. ಅಲ್ಲಿ ಭೌತಶಾಸ್ತ್ರದ ಎರಡು ಸರಣಿಗಳಿವೆ. ಫಿಸಿಕ್ಸ್ 2ಎ, 2ಬಿ, 2ಸಿ ಕ್ಯಾಲ್ಕುಲಸ್ ಇಲ್ಲದೆ, ಬೀಜಗಣಿತ ಮತ್ತು ತ್ರಿಕೋನಮಿತಿಯ ಮೇಲೆ ನಡೆಯುತ್ತದೆ. ಫಿಸಿಕ್ಸ್ 4ಎಯಿಂದ 4ಡಿವರೆಗಿನದು ಕ್ಯಾಲ್ಕುಲಸ್ ಆಧಾರಿತ: ಮೊದಲು ಯಂತ್ರವಿಜ್ಞಾನ, ಆಮೇಲೆ ವಿದ್ಯುತ್ತು ಮತ್ತು ಕಾಂತತ್ವ, ನಂತರ ಉಳಿದದ್ದು. ಎರಡೂ ಸರಣಿಗಳ ಯೂನಿಟ್ಟುಗಳನ್ನು (ಕ್ರೆಡಿಟ್ಟುಗಳನ್ನು) ಯುಸಿ ಒಪ್ಪಿಕೊಳ್ಳುತ್ತದೆ. ಆದರೆ ಎಂಜಿನಿಯರಿಂಗ್ ವಿಭಾಗ ಕೇಳುವುದು ಎರಡನೆಯದನ್ನು. 2ಎ ಸುಲಭ, ಜಿಪಿಎ ಚೆನ್ನಾಗಿ ಬರುತ್ತದೆ ಎಂದು ಹೋದ ಹುಡುಗಿಗೆ ಯೂನಿಟ್ಟು ಸಿಗುತ್ತದೆ, ಭೌತಶಾಸ್ತ್ರದ ಅರ್ಹತೆ ಸಿಗುವುದಿಲ್ಲ. ಮತ್ತೆ ಮೊದಲಿಂದ ಓದಬೇಕು.

ಯಾವ ಕೋರ್ಸು ಯಾವುದಕ್ಕೆ ಸಮ ಎಂದು ಹೇಳುವ ಅಧಿಕೃತ ಜಾಗ ರಾಜ್ಯದ 'ಅಸಿಸ್ಟ್' ಜಾಲತಾಣ. ಕಾಲೇಜು, ಸೇರಬೇಕಾದ ವಿಶ್ವವಿದ್ಯಾಲಯ, ಮೇಜರ್ (ಮುಖ್ಯ ವಿಷಯ), ವರ್ಷ ಈ ನಾಲ್ಕನ್ನೂ ಆರಿಸಿದರೆ ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ನಿಮ್ಮ ಕಾಲೇಜಿನ ಸಮಾನ ಕೋರ್ಸು ಕಾಣುತ್ತದೆ. ಕೆಲವು ಸಾಲುಗಳಲ್ಲಿ ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂದಿರುತ್ತದೆ, ಅಂದರೆ ಅದಕ್ಕೆ ಸಮನಾದದ್ದು ಆ ಕಾಲೇಜಿನಲ್ಲಿ ಇಲ್ಲ. ಕೌನ್ಸೆಲರ್ ಬಳಿ ಹೋಗುವಾಗ ಈ ಪುಟವನ್ನು ಮುದ್ರಿಸಿಕೊಂಡೇ ಹೋಗಬೇಕು. ಅವರು ನೂರಾರು ಮಕ್ಕಳಿಗೆ, ಹತ್ತಾರು ಮೇಜರ್‌ಗಳಿಗೆ ಸಲಹೆ ಕೊಡುವವರು. ಮೆಕ್ಯಾನಿಕಲ್‌ಗೆ ಸ್ಟ್ಯಾಟಿಕ್ಸ್ ಬೇಕೋ, ಎಲೆಕ್ಟ್ರಿಕಲ್‌ಗೆ ಸರ್ಕ್ಯೂಟ್ಸ್ ಬೇಕೋ, ಯಾವ ಕ್ಯಾಂಪಸ್ಸು ಯಾವ ಪ್ರೋಗ್ರಾಮಿಂಗ್ ಭಾಷೆ ಕೇಳುತ್ತದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿರಲಿ ಎಂದು ಬಯಸುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: "ಮೊದಲ ವರ್ಷ ಸಾಮಾನ್ಯ ವಿಷಯಗಳನ್ನು ಮುಗಿಸಿ, ಗಣಿತ ಎರಡನೇ ವರ್ಷಕ್ಕಿಟ್ಟುಕೊಳ್ಳೋಣ"

ಇತಿಹಾಸ, ಸಮಾಜಶಾಸ್ತ್ರ, ಕಲೆಯ ಕೋರ್ಸುಗಳನ್ನೆಲ್ಲ ಒಟ್ಟುಗೂಡಿಸಿದ ಸಾಮಾನ್ಯ ಶಿಕ್ಷಣದ ಪಟ್ಟಿಯೊಂದಿದೆ. ಹಿಂದೆ ಅದಕ್ಕೆ ಐಗೆಟ್ಸಿ ಎನ್ನುತ್ತಿದ್ದರು, 2025ರಿಂದ ಕ್ಯಾಲ್-ಗೆಟ್ಸಿ. ಅರ್ಥಶಾಸ್ತ್ರ, ಮನಶ್ಶಾಸ್ತ್ರ ಓದುವವರಿಗೆ ಅದನ್ನು ಮೊದಲು ಮುಗಿಸುವುದು ಜಾಣತನ. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಮಾತ್ರ ಲೆಕ್ಕ ತಿರುವುಮುರುವು, ಏಕೆಂದರೆ ಗಣಿತ ಮತ್ತು ಭೌತಶಾಸ್ತ್ರ ಮೆಟ್ಟಿಲು ಮೆಟ್ಟಿಲಾಗಿವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಲಾಗದು.

ಡಿ ಆನ್ಜಾದಲ್ಲಿ ಕ್ಯಾಲ್ಕುಲಸ್ಸೇ ನಾಲ್ಕು ಕ್ವಾರ್ಟರ್: 1ಎ, 1ಬಿ, 1ಸಿ, 1ಡಿ. ಅದರ ಮೇಲೆ ಡಿಫರೆನ್ಷಿಯಲ್ ಈಕ್ವೇಶನ್ಸ್, ಲೀನಿಯರ್ ಆಲ್ಜೀಬ್ರಾ. ಬೇಸಿಗೆ ಬಿಟ್ಟರೆ ಎರಡು ವರ್ಷಕ್ಕೆ ಇರುವುದೇ ಆರು ಕ್ವಾರ್ಟರ್. ಸೆಪ್ಟೆಂಬರಿನಲ್ಲಿ 1ಎ ಹಿಡಿದು ಒಂದಾದ ಮೇಲೊಂದು ಓದಿದರೆ ಎಲ್ಲ ಸರಿಯಾಗಿ ಕೂರುತ್ತದೆ, ಅಷ್ಟೇ. ಚಳಿಗಾಲದಲ್ಲಿ 1ಬಿ ಕೈಬಿಟ್ಟರೆ 1ಸಿ ಮುಂದಕ್ಕೆ ಹೋಗುತ್ತದೆ, ಫಿಸಿಕ್ಸ್ 4ಬಿಗೂ ತಡೆ ಬೀಳುತ್ತದೆ. ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್‌ನಂಥ ಕೋರ್ಸುಗಳನ್ನು ಎಷ್ಟೋ ಕಾಲೇಜುಗಳು ಪ್ರತಿ ಕ್ವಾರ್ಟರಿನಲ್ಲೂ ನಡೆಸುವುದಿಲ್ಲ. ತಪ್ಪಿದರೆ ಮುಂದಿನ ವರ್ಷವೇ.

ಇನ್ನೊಂದು ಸೂಕ್ಷ್ಮವಿದೆ. ಯುಸಿಗೆ ಅರ್ಜಿ ಹಾಕುವುದು ಎರಡನೇ ವರ್ಷದ ಶರತ್ಕಾಲದಲ್ಲಿ. ಆ ಹೊತ್ತಿಗೆ ಕೈಯಲ್ಲಿರುವುದು ಮೊದಲ ವರ್ಷ ಮತ್ತು ಬೇಸಿಗೆಯ ಗ್ರೇಡುಗಳು ಮಾತ್ರ. ಅರ್ಜಿ ಓದುವವರು ಕ್ಯಾಲ್ಕುಲಸ್, ಭೌತಶಾಸ್ತ್ರ ಹುಡುಕುತ್ತಾರೆ. ಆ ಜಾಗದಲ್ಲಿ ಕಲಾ ಇತಿಹಾಸದ ಎ ಗ್ರೇಡ್ ಮಾತ್ರ ಇದ್ದರೆ ಎಂಜಿನಿಯರಿಂಗ್‌ಗೆ ಏನೂ ಹೇಳಿದಂತಾಗುವುದಿಲ್ಲ. ಹಾಗೆಂದು ಇಂಗ್ಲಿಷ್ ಬರವಣಿಗೆಯ ಎರಡು ಕೋರ್ಸುಗಳನ್ನು ಮುಂದೂಡುವ ಹಾಗಿಲ್ಲ. ಅವು ಮೇಜರ್ ಯಾವುದಿದ್ದರೂ ಬೇಕೇ ಬೇಕು.

ನನ್ನ ಸ್ಪಷ್ಟ ಅಭಿಪ್ರಾಯ: ಎರಡು ವರ್ಷ ಎಂಬ ಹಟ ಬೇಡ. ಮೂರನೆಯ ವರ್ಷ ಹಿಡಿದರೆ ನಾಚಿಕೆಪಡಬೇಕಾದ್ದೇನಿಲ್ಲ. ಡಿ ಆನ್ಜಾದಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 31 ಡಾಲರ್, ಐದು ಯೂನಿಟ್ಟಿನ ಕ್ಯಾಲ್ಕುಲಸ್‌ಗೆ 155. ಯುಸಿಯಲ್ಲಿ ವರ್ಷದ ಬೋಧನಾ ಶುಲ್ಕವೇ 14 ಸಾವಿರ ಡಾಲರ್ ದಾಟುತ್ತದೆ. ತಳಪಾಯ ಗಟ್ಟಿಯಾಗುವುದಾದರೆ ಆ ಮೂರನೇ ವರ್ಷ ಅಗ್ಗ.

ತಪ್ಪು ಕಲ್ಪನೆ: "ಟ್ಯಾಗ್ ಇದೆಯಲ್ಲ, ಸೀಟು ಖಚಿತ"

ಟ್ಯಾಗ್ ಎಂಬ ಖಾತರಿ ಪ್ರವೇಶ ಇರುವುದು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳಲ್ಲಿ. ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಒಂದೇ ಕ್ಯಾಂಪಸ್ಸಿಗೆ ಹಾಕಬಹುದು, ಅದೂ ಸೆಪ್ಟೆಂಬರಿನೊಳಗೆ, ಮುಖ್ಯ ಅರ್ಜಿಗಿಂತ ಮೊದಲೇ. ಎಂಜಿನಿಯರಿಂಗ್‌ಗೆ ಇನ್ನೂ ಇಕ್ಕಟ್ಟು: ಸಾಂತಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜು ಟ್ಯಾಗ್ ಕೊಡುವುದಿಲ್ಲ, ಕೊಡುವ ಕ್ಯಾಂಪಸ್ಸುಗಳಲ್ಲೂ ಮೇಜರ್‌ಗೊಂದು ಜಿಪಿಎ, ಮೇಜರ್‌ಗೊಂದು ಕೋರ್ಸುಪಟ್ಟಿ. ರಾಜ್ಯದವರಿಗೆ ಕನಿಷ್ಠ 2.4, ಹೊರಗಿನವರಿಗೆ 2.8 ಎಂದು ಯುಸಿ ಹೇಳುವುದು ಅರ್ಜಿ ಹಾಕುವ ಅರ್ಹತೆಯ ಮಾತು. ಎಂಜಿನಿಯರಿಂಗ್ ಸೀಟಿನ ಸ್ಪರ್ಧೆ ಅದಕ್ಕಿಂತ ಬಹಳ ಮೇಲೆ ನಡೆಯುತ್ತದೆ.

ತಪ್ಪು ಕಲ್ಪನೆ: "ಯಾವುದಾದರೂ ಮೇಜರ್‌ಗೆ ಸೇರಿ ಆಮೇಲೆ ಬದಲಿಸಿಕೊಳ್ಳಬಹುದು"

ಟ್ರಾನ್ಸ್‌ಫರ್ ಆಗಿ ಮೂರನೇ ವರ್ಷಕ್ಕೆ ಬಂದವರಿಗೆ ಬೇರೆ ಮೇಜರ್‌ನಿಂದ ಎಂಜಿನಿಯರಿಂಗ್‌ಗೆ ಬದಲಾಗುವುದು ಬಹಳ ಕಷ್ಟ. ಇದನ್ನು ನಂಬಿ ಹೋಗಬೇಡಿ.

ತಪ್ಪು ಕಲ್ಪನೆ: "ಅರ್ಧ ಇಲ್ಲಿ, ಅರ್ಧ ಪಕ್ಕದ ಕಾಲೇಜಿನಲ್ಲಿ ಓದಿದರೂ ಒಂದೇ"

ಡಿ ಆನ್ಜಾ, ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು. ಫ್ರೀಮಾಂಟಿನ ಓಲೋನಿ, ಸಾರಟೋಗಾದ ವೆಸ್ಟ್ ವ್ಯಾಲಿ ಸೆಮಿಸ್ಟರ್ ಪದ್ಧತಿಯವು. ನಾಲ್ಕು ತುಂಡಾಗಿ ಹಂಚಿದ ಕ್ಯಾಲ್ಕುಲಸ್ಸೂ ಮೂರು ತುಂಡಾಗಿ ಹಂಚಿದ್ದೂ ನಡುವೆ ಎಲ್ಲಿಯೂ ಸರಿಯಾಗಿ ಸೇರುವುದಿಲ್ಲ. ನಡುವಲ್ಲಿ ಕಾಲೇಜು ಬದಲಿಸಿದವನು ಒಂದು ಅಧ್ಯಾಯವನ್ನು ಎರಡು ಸಲ ಓದಿ, ಇನ್ನೊಂದನ್ನು ಓದದೆಯೇ ಮುಂದೆ ಹೋಗಿಬಿಡುವ ಸಾಧ್ಯತೆ ಇದೆ. ಸರಣಿ ಶುರು ಮಾಡಿದ ಕಾಲೇಜಿನಲ್ಲೇ ಅದನ್ನು ಮುಗಿಸಬೇಕು. ಇಂಗ್ಲಿಷ್, ಇತಿಹಾಸದಂಥ ಬಿಡಿ ಕೋರ್ಸುಗಳನ್ನು ಬೇಕಾದರೆ ಬೇರೆಡೆ ಓದಿ. ಮೇಜರ್‌ಗೆ ಬೇಕಾದ ಯಾವ ಕೋರ್ಸನ್ನೂ ಪಾಸ್/ನೋ ಪಾಸ್ ಮಾಡಿಕೊಳ್ಳಬೇಡಿ, ಅಕ್ಷರ ಗ್ರೇಡೇ ಬೇಕು.

ತಪ್ಪು ಕಲ್ಪನೆ: "ಕಮ್ಯುನಿಟಿ ಕಾಲೇಜೆಂದರೆ ದಡ್ಡರದ್ದು"

ಆಪಲ್ ಕಂಪನಿ ಕಟ್ಟಿದ ಸ್ಟೀವ್ ವಾಜ್ನಿಯಾಕ್ ಡಿ ಆನ್ಜಾದಲ್ಲಿ ಓದಿ ಬರ್ಕ್ಲಿಗೆ ಹೋದವರು. ಬರ್ಕ್ಲಿಯ ಪದವಿ ಪತ್ರದಲ್ಲಿ ಮೊದಲೆರಡು ವರ್ಷ ಎಲ್ಲಿ ಓದಿದಿರಿ ಎಂದು ಬರೆಯುವುದಿಲ್ಲ. ಬಂಧುಗಳ ಮುಂದೆ ಮಗುವಿನ ಕಾಲೇಜಿನ ಹೆಸರು ಹೇಳಲು ಹಿಂಜರಿಯುವ ಅಪ್ಪ ಅಮ್ಮಂದಿರೇ, ಆ ಹಿಂಜರಿಕೆ ಮಗುವಿಗೆ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: "ವೀಸಾಕ್ಕೂ ಕೋರ್ಸಿಗೂ ಏನು ಸಂಬಂಧ?"

ಎಚ್-1ಬಿ ಮೇಲೆ ದುಡಿಯುವವರ ಮಕ್ಕಳಿಗೆ ಬಹಳ ಸಂಬಂಧವಿದೆ. ಮಗುವಿನ ಎಚ್-4 ಅವಲಂಬಿತ ವೀಸಾ ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಹದಿನೆಂಟಕ್ಕೆ ಕಾಲೇಜು ಸೇರಿ, ಇಪ್ಪತ್ತು ಇಪ್ಪತ್ತೊಂದಕ್ಕೆ ಟ್ರಾನ್ಸ್‌ಫರ್ ಆಗುವವರಿಗೆ ಆ ಹುಟ್ಟುಹಬ್ಬ ಸರಿಯಾಗಿ ಓದಿನ ನಡುಮಧ್ಯೆ ಬೀಳುತ್ತದೆ. ಎಚ್-4 ಇರುವಾಗ ರಾಜ್ಯದ ನಿವಾಸಿಗಳ ಶುಲ್ಕಕ್ಕೆ ಅರ್ಹತೆ ಪಡೆಯಬಹುದು. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋದವರಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ, ಆಗ ಶುಲ್ಕ ಹಲವು ಪಟ್ಟು. ಮೂರನೇ ವರ್ಷ ಅಗ್ಗ ಎಂದು ಮೇಲೆ ಹೇಳಿದ ಮಾತು ಈ ಮಕ್ಕಳಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಅವರ ಕೋರ್ಸುಪಟ್ಟಿಯ ಪಕ್ಕದಲ್ಲಿ ಹುಟ್ಟಿದ ತಾರೀಖನ್ನೂ ಬರೆದಿಟ್ಟುಕೊಂಡು, ಮೊದಲ ಕ್ವಾರ್ಟರಿಗೆ ಹೆಸರು ನೋಂದಾಯಿಸುವ ಮುಂಚೆಯೇ ವಲಸೆ ವಕೀಲರನ್ನೂ ಕಾಲೇಜಿನ ರೆಸಿಡೆನ್ಸಿ ವಿಚಾರ ನೋಡುವವರನ್ನೂ ಕೇಳಬೇಕು.